ಕೊರಿಯಾ ಕೂಸು

ಭಟ್ಕಳ, ಹೊನ್ನಾವರ, ಕುಮಟಾ – ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಈಕೆ ಸಿಗುತ್ತಾಳೆ. ಕಿವಿಯಲ್ಲಿ ಇಯರ್‌ಫೋನ್, ಬ್ಯಾಗಿನ ಜಿಪ್ಪಿಗೆ ಕೊರಿಯಾದ ಹಾಡುಗಾರ ತಂಡ ಬಿಟಿಎಸ್‌ನ ಹುಡುಗರ ಕೀಚೈನ್. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಹಿಡಿದ ಕೊರಿಯನ್ ಧಾರಾವಾಹಿಯ ಚಟ, 2021ರಲ್ಲಿ ‘ಸ್ಕ್ವಿಡ್ ಗೇಮ್’ ಬರುವಷ್ಟರಲ್ಲಿ ಭಾಷಾ ವ್ಯಾಸಂಗವಾಗಿ ಬಡ್ತಿ ಪಡೆದಿತ್ತು. ಭಟ್ಕಳದವಳಾದರೆ ಮನೆಯ ನವಾಯತಿ, ಓದಿನ ಅರಬಿ, ಪೇಟೆಯ ಉರ್ದು, ಕಚೇರಿಯ ಕನ್ನಡ, ಕಾಲೇಜಿನ ಇಂಗ್ಲಿಷು ಎಲ್ಲ ಮೊದಲೇ ತಲೆಯಲ್ಲಿರುತ್ತವೆ; ಮೇಲೊಂದು ಕೊರಿಯನ್ ಭಾರವಲ್ಲ. ನನಗೆ ಹೆಚ್ಚು ಪರಿಚಯ ಹೊನ್ನಾವರದ ಒಳಭಾಗದ, ತೋಟದ ಮನೆಯ ಹವ್ಯಕ ಕೂಸಿನದು, ಅಂದರೆ ಹುಡುಗಿಯದು.

ಮನೆಯಲ್ಲಿ ಸುತಾರಾಂ ಮಾಡೆನೆಂದದ್ದನ್ನೆಲ್ಲ ಕೊರಿಯಾಕ್ಕಾಗಿ ಮಾಡುವುದು ಇವಳ ಮುಖ್ಯ ಲಕ್ಷಣ. ಆಯಿ ಮಾಡಿದ ಗಂಜಿಗೆ ಮೂಗು ಮುರಿಯುತ್ತಾಳೆ. ಅದನ್ನೇ ಕೊರಿಯಾದವರು ‘ಜುಕ್’ ಎಂದು ಪಿಂಗಾಣಿ ಬಟ್ಟಲಿಗೆ ಸುರಿದರೆ ಫೋಟೋ ತೆಗೆಯುತ್ತಾಳೆ. ಬಂದ ನೆಂಟರ ಕಾಲಿಗೆ ಬೀಳು ಎಂದರೆ ಸೊಂಟನೋವು. ಮೊಬೈಲಿನೊಳಗಿನ ಕೊರಿಯನ್ ಟೀಚರಮ್ಮನಿಗೆ ಮಾತ್ರ ಮಂಚದ ಮೇಲಿಂದಲೇ ತಲೆಬಾಗಿ ‘ಅನ್ಯೊಂಗ್ ಹಸೆಯೊ’.

ಅಕ್ಷರಮಾಲೆಯೇನೋ ಸಲೀಸು. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಗೆ ಈಗ ಮೂಲಾಕ್ಷರ 24 ಅಷ್ಟೇ. ನಮ್ಮ ಒತ್ತಕ್ಷರಗಳ ಸಂತೆಯಿಂದ ಬಂದವಳಿಗೆ ಅದು ರಜೆಯ ಹಾಗೆ. ತಕರಾರು ಇರುವುದು ಬಾಯಲ್ಲಿ. ಅಲ್ಲಿ ‘ಕ’ ಮೂರು ಬಗೆ: ಒಂದು ಕ-ಗಗಳ ನಡುವಿನ ಮೆತ್ತನೆಯದು, ಒಂದು ಉಸಿರು ಬಿಟ್ಟು ಹೇಳುವುದು, ಇನ್ನೊಂದು ಗಂಟಲು ಬಿಗಿದು ಹೇಳುವುದು. ಪರೀಕ್ಷೆಗೆ ತುಟಿಯೆದುರು ಕಾಗದ ಹಿಡಿಯಬೇಕು. ಉಸಿರಿನದಕ್ಕೆ ಕಾಗದ ಅಲುಗಬೇಕು, ಬಿಗಿಯದಕ್ಕೆ ಅಲುಗಬಾರದು. ಮಹಾಪ್ರಾಣ ನುಂಗಿದ್ದಕ್ಕೆ ಹೈಸ್ಕೂಲಿನಲ್ಲಿ ಬೈಸಿಕೊಂಡವಳು ಈಗ ಕುಮಟಾ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೇಟನ್ನು ಮೂಗಿನ ಕೆಳಗೆ ಹಿಡಿದು ‘ಕಾ, ಖಾ, ಕ್ಕಾ’ ಎಂದು ಸಾಧನೆ ಮಾಡುತ್ತಾಳೆ. ಶರಾವತಿ ಸೇತುವೆ ಮೇಲಿನ ಗಾಳಿಗೆ ಟಿಕೇಟು ಮೂರಕ್ಕೂ ಪಟಪಟ ಎನ್ನುತ್ತದೆ. ಕಂಡಕ್ಟರು ಓಡಿಬಂದು, “ವಾಂತಿ ಬರ್ತದಾ ತಂಗಿ? ಕಿಟಕಿ ಬದಿಗೆ ಕೂತ್ಕೊ” ಎನ್ನುತ್ತಾರೆ.

ವ್ಯಾಕರಣದ ವಿಷಯ ಬೇರೆ. ನಮ್ಮ ಹಾಗೆಯೇ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ‘ಮನೆಗೆ’ಯಲ್ಲಿ ‘ಗೆ’ ಬಂದ ಹಾಗೆ ‘ಜಿಬೆ’ಯಲ್ಲಿ ‘ಎ’. ಮೇಲಾಗಿ ನಾನು ಹೋದರೂ ಅವಳು ಹೋದರೂ ಒಂದೇ ‘ಕಾಯೊ’. ಹೋಗುತ್ತೇನೆ, ಹೋಗುತ್ತಾಳೆ ಎಂಬ ರಗಳೆಯಿಲ್ಲ. ಇಂಗ್ಲಿಷಿನವರು ತಲೆಕೆಳಗಾಗಿ ನಿಂತು ಕಲಿಯುವುದನ್ನು ನಮ್ಮ ಕೂಸು ಮಲಗಿಕೊಂಡೇ ಕಲಿಯುತ್ತದೆ.

ಒಮ್ಮೆ ಮಾತ್ರ ಎದ್ದು ಕೂತಿತು. ‘ಹಪ್‌ನಿದಾ’ ಎಂದು ಬರೆದದ್ದನ್ನು ‘ಹಮ್ನಿದಾ’ ಎಂದು ಓದಬೇಕಂತೆ! “ಎಂಥಾ ಚಂದದ ನಿಯಮ ನೋಡು ಅಪ್ಪಯ್ಯಾ” ಎಂದು ಜಗಲಿಗೆ ಬಂದಳು. ನಿವೃತ್ತ ಕನ್ನಡ ಮಾಸ್ತರರಾದ ಅಪ್ಪಯ್ಯ ಅಡಿಕೆ ಸುಲಿಯುವುದು ನಿಲ್ಲಿಸದೆ, “ಅಪ್ ಮಯ ಸೇರಿ ಅಮ್ಮಯ. ಅನುನಾಸಿಕ ಸಂಧಿ. ಹತ್ತನೇ ಕ್ಲಾಸಿನಲ್ಲಿ ನೀ ಎರಡು ಮಾರ್ಕು ಕಳಕೊಂಡದ್ದು ಅಲ್ಲೇ” ಎಂದರು. ಕೂಸಿಗೆ ಆ ದಿನ ಕೊರಿಯಾದ ಮೇಲೆಯೇ ಸ್ವಲ್ಪ ಬೇಸರ ಬಂತು.

ಇನ್ನು ‘ಉ’ ಎಂಬ ಒಂದು ಸ್ವರ. ತುಟಿ ದುಂಡಗಾಗಬಾರದು, ಬದಿಗೆ ಎಳೆದುಕೊಂಡಿರಬೇಕು. ಕನ್ನಡಿಯೆದುರು ಹಲ್ಲು ಕಿರಿದೂ ಕಿರಿದೂ ಕೆನ್ನೆ ನೋವು ಬಂತೇ ಹೊರತು ಸ್ವರ ಬರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ರಸ ಚೆಲ್ಲದ ಹಾಗೆ ಮುಖ ಮೇಲೆತ್ತಿ, ತುಟಿ ಬದಿಗೆಳೆದು, “ಉಂಡ್ಯನೇ ಕೂಸೆ?” ಎಂದರು. ಸಾಕ್ಷಾತ್ ಸಿಯೋಲ್ ನಗರದ ‘ಉ’!

ಕೂಸು ಮೊಬೈಲು ತೆಗೆದುಕೊಂಡು ಓಡಿಬಂದು, “ಅಜ್ಜಿ, ಇನ್ನೊಂದ್ಸಲ ಹೇಳು, ರೆಕಾರ್ಡ್ ಮಾಡ್ತೆ” ಎಂದಿತು. ಮೊಮ್ಮಗಳು ಇಷ್ಟು ಅಕ್ಕರೆಯಿಂದ ಕೇಳಿದ್ದು ಅಪರೂಪ. ಅಜ್ಜಿ ಅಂಗಳದ ತುದಿಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು ಬಂದು, ಸ್ಪಷ್ಟ ಕನ್ನಡದಲ್ಲಿ “ಊಟ ಮಾಡಿದೆಯಾ?” ಎಂದರು.