ಜಗಳೂರಿನಲ್ಲಿ ಒಂದು ಖಾಸಗಿ ಮಳೆ

ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬ ಸುದ್ದಿ ಹಬ್ಬಿದ ಮೇಲೆ ನಾಲ್ಕು ತಾಲೂಕಿನ ನೆಂಟರಿಗೆ ನನ್ನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿದೆ. ಸಕ್ಕರೆ ಕಾಯಿಲೆಯವನಿಗೆ ಸಿಹಿ ಬಿಡು ಅಂತ ಹೇಳಿ ಸುಮ್ಮನಾಗುವ ಜನ, ನಿದ್ದೆಗೆಟ್ಟವನನ್ನು ಕಂಡರೆ ಥಟ್ಟನೆ ವೈದ್ಯರಾಗುತ್ತಾರೆ. ಅದರಲ್ಲೂ ದಿಂಬಿಗೆ ತಲೆ ತಾಗಿದೊಡನೆ ಗೊರಕೆ ಶುರುಮಾಡುವವರದೇ ಹೆಚ್ಚು ಉಪದೇಶ. “ಏನೂ ಯೋಚ್ನೆ ಮಾಡ್ಬಾರ್ದು ಸಾರ್, ಸುಮ್ನೆ ಕಣ್ಮುಚ್ಕೋಬೇಕು.” ಈಜು ಬಾರದವನಿಗೆ ಸೂಳೆಕೆರೆ ಏರಿ ಮೇಲೆ ನಿಂತು “ಮುಳುಗಬೇಡ” ಎಂದು ಕೂಗಿದ ಹಾಗೆ.

ನಮ್ಮ ಚನ್ನಗಿರಿಯ ಮದ್ದು ಎಲೆ ಅಡಿಕೆ. ಮದುವೆ, ಕಾರು, ಮಗನ ಇಂಜಿನಿಯರಿಂಗ್ ಸೀಟು ಎಲ್ಲವೂ ರಾಶಿ ಅಡಿಕೆಯ ಧಾರಣೆ ಮೇಲೆ ನಿಂತಿರುವ ಊರಲ್ಲಿ ಅಡಿಕೆಯನ್ನು ಅನುಮಾನಿಸುವುದು ಕಷ್ಟ. ಆದರೂ ಅದರಲ್ಲಿರುವ ಅರೆಕೋಲಿನ್ ಮೈಯನ್ನು ಚುರುಕುಗೊಳಿಸುತ್ತದೆ, ರಾತ್ರಿ ಲಾರಿ ಓಡಿಸುವವರು ದವಡೆಗೆ ಇಟ್ಟುಕೊಳ್ಳುವುದು ಅದಕ್ಕೇ ಅಂದೆ. ಪಕ್ಕದ ಮನೆಯ ಅಡಿಕೆ ವ್ಯಾಪಾರಿಯ ಮುಖ ಅರಳಿತು. “ಹಂಗಾದ್ರೆ ಇನ್ನೊಂದೆರಡು ತಗೊಳ್ಳಿ ಸಾರ್. ಸುಗ್ಗಿ ಮುಗಿಯೋತನಕ ವಾಸಿ ಮಾಡ್ಕೋಬೇಡಿ. ಅಂಗಳದಾಗೆ ಅಡಿಕೆ ಒಣಗಾಕಿದೀನಿ, ಒಂದು ಕಣ್ಣಿರಲಿ.”

ಹೊನ್ನಾಳಿಯ ಅಕ್ಕ ಎಮ್ಮೆ ಹಾಲಿಗೆ ಜಾಯಿಕಾಯಿ ತೇದು ಕುಡಿ ಅಂದಳು. ನಿದ್ದೆ ತರುವುದರಲ್ಲಿ ಎಮ್ಮೆ ಹಾಲೇ ಶ್ರೇಷ್ಠ ಎಂದು ಚರಕಸಂಹಿತೆಯೂ ಹೇಳುತ್ತದೆ. ಅಕ್ಕ ಚರಕನನ್ನು ಓದಿದವಳಲ್ಲ, ಎಮ್ಮೆ ಕಟ್ಟಿದವಳು. ಚೊಂಬಿನ ತುಂಬ ಕುಡಿಸಿದಳು. ರಾತ್ರಿಯೆಲ್ಲ ಬಚ್ಚಲಿಗೂ ಹಾಸಿಗೆಗೂ ಓಡಾಡಿದೆ. ಜಾಯಿಕಾಯಿ ಚಿಟಿಕೆಯಲ್ಲಿದ್ದರೆ ಸರಿ, ಮೀರಿದರೆ ತಲೆ ಕೆಡಿಸಿ ಇಲ್ಲದ್ದನ್ನೆಲ್ಲ ತೋರಿಸುತ್ತದೆ ಎಂದು ಆಮೇಲೆ ತಿಳಿಯಿತು. ನ್ಯಾಮತಿಯ ಷಡ್ಡಕರು ಇದನ್ನೆಲ್ಲ ಒಪ್ಪಲಿಲ್ಲ. ನ್ಯಾಮತಿ ಬೇರೆ ತಾಲೂಕಾದಾಗಿನಿಂದ ಹೊನ್ನಾಳಿಯ ಯಾವ ತೀರ್ಮಾನವನ್ನೂ ಅವರು ಒಪ್ಪುವುದಿಲ್ಲ. ಬೂರುಗದ ಹತ್ತಿಯ ದಿಂಬು ಕೊಟ್ಟು ಕಳಿಸಿದರು. ಅದು ಈಗ ನಮ್ಮನೆ ಬೆಕ್ಕಿನದು. ಅದಕ್ಕೆ ಒಳ್ಳೆ ನಿದ್ದೆ.

ಮಾತ್ರೆಯ ಅಂಗಡಿಗೂ ಹೋದೆ. ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಥರದವು ಎಚ್-1 ಷೆಡ್ಯೂಲಿನವು. ಅವಕ್ಕೆ ಡಾಕ್ಟರ ಚೀಟಿ ಬೇಕು, 2014ರಿಂದ ಅಂಗಡಿಯವನು ರೋಗಿಯ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯ ಹುಡುಗ ದನಿ ತಗ್ಗಿಸಿ, “ಶೀತದ ಮಾತ್ರೆ ಕೊಡ್ಲಾ? ಅದಕ್ಕೂ ತೂಕಡಿಕೆ ಬರ್ತದೆ” ಅಂದ. ಬಂತು, ಮಾರನೆಯ ದಿನ ಮಧ್ಯಾಹ್ನ. ಡಾಕ್ಟರು ಚೀಟಿಯನ್ನೇ ಬರೆಯಲಿಲ್ಲ. ಬಹುಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸ ತಿದ್ದುವುದು ಎಂದು ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿದೆಯಂತೆ. ದಿನವೂ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಆಚೆ ಬರಬೇಕು. ಮಧ್ಯಾಹ್ನ ಮಲಗಬಾರದು. ಮಧ್ಯಾಹ್ನದ್ದನ್ನು ನಾನು ನಿದ್ದೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೇರೆ ದಾರಿ ಹುಡುಕಿದೆ.

ಆ ದಾರಿ ಬೆಂಗಳೂರಿನ ಮಗಳಿಂದ ಬಂತು: ಫೋನಿನಲ್ಲೊಂದು ಆ್ಯಪು, ಜೊತೆಗೆ ಅಂಗೈಯಗಲದ ಸ್ಪೀಕರು. ಅದರಲ್ಲಿ ಕಾಡಿನ ಮಳೆ, ಸಮುದ್ರದ ಮಳೆ, ತಗಡಿನ ಮೇಲೆ ಬೀಳುವ ಗುಡುಗು ಸಹಿತ ಮಳೆ, ಯಾವುದು ಬೇಕಾದರೂ ಉಂಟು. ಅದನ್ನು ಚೀಲಕ್ಕೆ ಹಾಕಿಕೊಂಡೇ ದೀಪಾವಳಿಗೆ ಜಗಳೂರು ಕಡೆಯ ಮಾವನ ಮನೆಗೆ ಹೋದೆ.

ಅಂಗಳದಲ್ಲಿ ಮೆಕ್ಕೆಜೋಳ ಹರವಿತ್ತು. ಅಕ್ಕಪಕ್ಕದವರದು ರಸ್ತೆಯವರೆಗೂ ಚಾಚಿತ್ತು. ನನಗೆ ತಗಡಿನ ಸೂರಿನ ಕೋಣೆ. ತಗಡಿಗೆ ತಗಡಿನ ಮಳೆಯೇ ಸರಿ ಎಂದು ಸ್ಪೀಕರನ್ನು ಗೋಡೆಯ ಮೇಲಿನ ಗೂಡಿನಲ್ಲಿಟ್ಟು, ದನಿ ಒಂದಿಷ್ಟು ಏರಿಸಿ, ಕಣ್ಣು ಮುಚ್ಚಿದೆ. ಸೂರಿಗೇ ಜೀವ ಬಂತು. ಹನಿ ಪಟಪಟ ಬಿತ್ತು, ಜಡಿ ಹಿಡಿಯಿತು, ಆಗುಂಬೆಯೇ ಬಂದು ತಲೆಯ ಮೇಲೆ ಕೂತಿತು. ಆಹಾ, ರೆಪ್ಪೆ ಭಾರವಾಗತೊಡಗಿತು ಅನ್ನುವಾಗ ಮೊದಲ ಗುಡುಗು.

“ಮಳೆ ಬಂತ್ರಲೇ! ಏಳ್ರಲೇ, ಜೋಳ ನೆನೀತೈತೆ!”

ಮಾವನ ಕೂಗು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಭಾಮೈದ ಒಂದು ಚಡ್ಡಿಯಲ್ಲಿ ತಾಡಪಾಲು ಎಳೆಯುತ್ತಿದ್ದ. ಅತ್ತೆ ಸೆರಗು ಸಿಕ್ಕಿಸಿ ಜೋಳ ಗುಡ್ಡೆ ಮಾಡುತ್ತಿದ್ದರು. ಪಕ್ಕದ ಮನೆಯ ಬಾಗಿಲು ತೆರೆಯಿತು, ಅದರಾಚೆಯದೂ ತೆರೆಯಿತು. ಸಲಿಕೆ, ಮಂಕರಿ, ಗೋಣಿಚೀಲ, ಅಳುವ ಮಗು, ಬೊಗಳುವ ನಾಯಿ. ರಸ್ತೆಯ ತುದಿಯವರೆಗೂ “ತಾಡಪಾಲು, ತಾಡಪಾಲು” ಎಂಬ ಒಂದೇ ಕೂಗು. ಮೇಲೆ ಒಂದು ಮೋಡವಿಲ್ಲ, ಚುಕ್ಕಿಗಳು ಜೋಳಕ್ಕಿಂತ ದಟ್ಟವಾಗಿ ಹರವಿಕೊಂಡಿದ್ದವು. ಆದರೆ ವರ್ಷದ ಬೆಳೆ ಅಂಗಳದಲ್ಲಿ ಬಿದ್ದಿರುವಾಗ ಯಾರು ಆಕಾಶ ನೋಡುತ್ತಾರೆ? ಎಲ್ಲರೂ ಜೋಳವನ್ನೇ ನೋಡುತ್ತಿದ್ದರು. ಈಗ ಬಾಯಿ ಬಿಡುವುದು ಹೇಗೆ? ನಾನೂ ತಾಡಪಾಲಿನ ಒಂದು ಮೂಲೆ ಹಿಡಿದು, ಎಲ್ಲರಿಗಿಂತ ಜೋರಾಗಿ “ಬೇಗ, ಬೇಗ!” ಅಂದೆ.

ಒಳಗೆ ಹೋಗಿ ಮಳೆ ನಿಲ್ಲಿಸೋಣವೆಂದರೆ ಹೊಸ್ತಿಲಲ್ಲೇ ಮಂಕರಿಗಳ ಸಾಲು. ಕೋಣೆಯಲ್ಲಿ ಧಾರಾಕಾರ ಸುರಿಯುತ್ತಲೇ ಇತ್ತು. ಗುಡುಗು ಮಾತ್ರ ಗಡಿಯಾರ ಇಟ್ಟುಕೊಂಡವರಂತೆ ಹೊತ್ತು ಹೊತ್ತಿಗೆ ಬರುತ್ತಿತ್ತು.

ಅತ್ತೆ ಕೈ ನಿಲ್ಲಿಸಿದರು. “ಗುಡುಗು ಮನೆ ಒಳಗಿಂದ ಬಂದಂಗೈತಲ್ಲ?”

“ಮಳೆ ಎತ್ಲಾಗಿಂದ ಬರ್ತೈತೆ ಅಂತ ಈ ಊರಾಗೆ ಯಾರಿಗೆ ಗೊತ್ತು? ನೀ ಗುಡ್ಡೆ ಮಾಡು” ಅಂದರು ಮಾವ.

ಕೊನೆಗೆ ಸ್ಪೀಕರಿನ ಬ್ಯಾಟರಿ ನನ್ನ ಮಾನ ಉಳಿಸಿತು. ಮಾವ ಅಂಗೈ ಚಾಚಿದರು, ಮೂಗರಳಿಸಿ ಮಣ್ಣಿನ ವಾಸನೆ ಹುಡುಕಿದರು. “ಹಾದುಹೋತು” ಅಂದರು. ಆ ದನಿಯಲ್ಲಿ ಜೋಳ ಉಳಿದ ಸಮಾಧಾನ ಇತ್ತೋ, ಮಳೆ ಹೋದ ಬೇಸರ ಇತ್ತೋ, ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ “ತ್ರೀ ಫೇಸ್ ಬಂತು” ಎಂದು ಕೂಗಿದರು. ಮಾವ ಟಾರ್ಚು, ಕೋಲು ತಗೊಂಡು ಹೊರಟರು. ಬೋರಿಗೆ ಹೋಗಿ ಮೋಟರು ಹಾಕಿ ಈರುಳ್ಳಿಗೆ ನೀರು ಕಟ್ಟಬೇಕು. ತುಂಗಭದ್ರೆಯಿಂದ ನೀರೆತ್ತಿ ತಾಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ, ಸರಿ. ಹೊಲಕ್ಕೆ ಬೋರೇ ಗತಿ, ಬೋರಿಗೆ ಸರದಿಯ ಕರೆಂಟೇ ಗತಿ. ಪೇಟೆಯವರು ಮಲಗಿದ ಮೇಲೆ ಉಳಿದದ್ದು ಇವರ ಪಾಲು. ಹಾವು ಚೇಳಿನ ನಡುವೆ ಬರಿಗಾಲಲ್ಲಿ ನಡೆಯುವ ಇವರ ನಿದ್ದೆಗೇಡಿಗೆ ಯಾವ ಡಾಕ್ಟರೂ ಹೆಸರಿಟ್ಟಂತಿಲ್ಲ. ನನಗೆ ಯಾರ ಮೇಲೋ ಸಿಟ್ಟು ಬಂತು.

“ಅಳಿಯಂದ್ರೇ, ನಿಮಗೆ ಹೆಂಗೂ ನಿದ್ದೆ ಬರಂಗಿಲ್ಲವಲ್ಲ, ಬರ್ರಿ ಹೋಗಿಬರಾನ” ಎಂದು ಕರೆದರು. ಚಪ್ಪಲಿ ಹಾಕಿಕೊಳ್ಳಲೆಂದು ಜೋಳದ ಗುಡ್ಡೆಗೆ ಒರಗಿ ಕೂತದ್ದು ನೆನಪಿದೆ. ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು.

ಹೊಟೇಲಿನಲ್ಲಿ ರಾತ್ರಿಯ ಮಳೆಯದೇ ಮಾತು. ನಾನೂ ಕೇಳಿದೆ ಗುಡುಗು ಅಂದ ಒಬ್ಬ. ಮಿಂಚೂ ಕಂಡೆ ಅಂದ ಇನ್ನೊಬ್ಬ. ಮೂಡಲ ದಿಕ್ಕಿನ ಹಳ್ಳಿಯಲ್ಲಿ ಒಂದು ಹದ ಆಗಿದೆ ಎಂದು ತೀರ್ಮಾನವಾಯಿತು. ನಾನು ತಲೆಯಾಡಿಸುತ್ತ ಮಂಡಕ್ಕಿ ಮುಗಿಸಿದೆ.

ಊರಿಗೆ ಹೊರಡುವಾಗ ಅತ್ತೆ ನನ್ನ ಚೀಲಕ್ಕೆ ರೊಟ್ಟಿಗಂಟಿನ ಜೊತೆ ಸ್ಪೀಕರನ್ನೂ ಇಟ್ಟು, ಮಾವ ಆಚೆ ಹೋಗಿದ್ದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದರು: “ಇದ್ರಾಗೆ ಬಿಸಿಲೂ ಬರ್ತೈತೇನ್ರೀ? ಜೋಳ ಇನ್ನೊಂದೆರಡು ದಿನ ಒಣಗಬೇಕಿತ್ತು.”