ಮಾರಾಟದ ಮನೆಯಲ್ಲಿ ಖಾಲಿ ಪೈಪಿನ ಮೀಮಾಂಸೆ

ಅಥಣಿ ತಾಲೂಕಿನ ಸತ್ತಿಯಂಥ ಊರಿನಲ್ಲಿ ಹಳೆಯ ಮನೆಯನ್ನು ರಿಪೇರಿ ಮಾಡಿಸಿ ಮಾರಹೊರಟವರು ಟಿವಿ, ಫೋನು, ಇಂಟರ್ನೆಟ್ಟಿನ ವಾಯರುಗಳನ್ನು ಎಲ್ಲೆಲ್ಲಿ ಎಳೆಸಬೇಕು ಎಂಬ ಪ್ರಶ್ನೆಯನ್ನು ವಾಸ್ತುಶಾಸ್ತ್ರಕಾರರು ಎತ್ತಿಯೇ ಇಲ್ಲ. ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ ಎಂದು ಹೇಳಿ ಕೈತೊಳೆದುಕೊಂಡವರು ರೌಟರಿಗೆ ಯಾವ ಮೂಲೆ ಎಂದರೆ ಬಾಯಿ ಬಿಡುವುದಿಲ್ಲ. ಈ ಕೊರತೆ ನೀಗಲೆಂದೇ ಹುಟ್ಟಿದ ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಮಾರುವ ಮನೆಗೆ ವಾಯರು ಹಾಕಿಸಬಾರದು, ಖಾಲಿ ಪೈಪು ಹಾಕಿಸಬೇಕು. ಶೂನ್ಯಕ್ಕೆ ಬೆಲೆ ಕಟ್ಟುವುದು ಶರಣರ ನಾಡಿಗೆ ಹೊಸದಲ್ಲ. ಶೂನ್ಯಕ್ಕೆ ಬಿಲ್ಲು ಬರೆಯುವುದಷ್ಟೇ ಹೊಸದು.

ಮೊದಲು ಪ್ರತ್ಯಕ್ಷ ಪ್ರಮಾಣ. ಈ ಭಾಗದ ಹಳೆಯ ಮನೆಯ ಪಡಸಾಲೆಯಲ್ಲಿ ಕಿಟಕಿಯ ಚೌಕಟ್ಟಿನ ಮೂಲೆಯನ್ನು ಉತ್ಖನನಕಾರನ ಕಣ್ಣಿನಿಂದ ನೋಡಬೇಕು. ಅಲ್ಲೊಂದು ತೂತು, ಹಲ್ಲಿ ನುಸುಳದಂತೆ ಅದಕ್ಕೆ ತುರುಕಿದ ಕಾಗದ, ಕಾಗದದ ಸುತ್ತ ಪದರ ಪದರವಾಗಿ ನಾಗರಿಕತೆಗಳು. ತೀರ ಕೆಳಗಿನದು ಆಂಟೆನಾ ಯುಗದ ಚಪ್ಪಟೆ ವಾಯರು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಕಾಲಕ್ಕೆ ಮಾಳಿಗೆಗಳ ಮೇಲೆದ್ದ ಅಲ್ಯೂಮಿನಿಯಂ ಕಡ್ಡಿಗಳ ಅವಶೇಷ ಅದು. ಅದರ ಮೇಲೆ ಕೇಬಲ್ ಯುಗದ ಕಪ್ಪು ವಾಯರು. 1994ರಲ್ಲಿ ಬಂದ ಉದಯ ಟಿವಿ ಈ ಸ್ತರಕ್ಕೆ ಸೇರಿದ್ದು. ಮೂರನೆಯದು ಛತ್ರಿ ಯುಗ. ಡಿಟಿಎಚ್ ಉಪಗ್ರಹಗಳು 83ರಿಂದ 108 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಸಮಭಾಜಕದ ಮೇಲಿವೆ, ಅಥಣಿ 75ರ ಆಸುಪಾಸಿನಲ್ಲಿದೆ. ಹಾಗಾಗಿ ಇಲ್ಲಿನ ಛತ್ರಿಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡಿ ನಿಂತಿವೆ. ಮನೆಯ ಮೇಲಿನ ಸಾಮಾನುಗಳಲ್ಲಿ ದಿಕ್ಕು ತಪ್ಪದೆ ನಡೆಯುವುದು ಇದೊಂದೇ. ಎಲ್ಲಕ್ಕಿಂತ ಮೇಲೆ ಸಪೂರ ಫೈಬರು. ಇವುಗಳ ಮಧ್ಯೆ ತಲೆಬುಡವಿಲ್ಲದೆ ಜೋತಾಡುವ ಟೆಲಿಫೋನಿನ ಜೋಡಿ ತಂತಿ, 08289 ಎಂಬ ಎಸ್‌ಟಿಡಿ ಕೋಡಿನ ಗತವೈಭವ. ಪ್ರತಿ ಪದರ ಹಾಕಿಸಿದವನೂ ಇದೇ ಕೊನೆಯದು ಎಂದೇ ಹಾಕಿಸಿದ್ದ. ಕಲ್ಲು-ಮಣ್ಣಿನ ಗೋಡೆ ತಲೆಮಾರುಗಳನ್ನು ದಾಟುತ್ತದೆ, ವಾಯರಿನ ಆಯುಷ್ಯ ಒಂದು ದಶಕ ದಾಟಿದರೆ ದೊಡ್ಡದು. ಇಂದು ಹೊಸ ವಾಯರು ತೋರಿಸಿ ಮನೆ ಮಾರುವವನು ಐದನೆಯ ಪದರವನ್ನು ಮಾರುತ್ತಿದ್ದಾನೆ, ಅಷ್ಟೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: 'ವೈಫೈ ಐತೆಲ್ಲ, ಪೈಪ್ ಯಾಕ್ ಬೇಕ್ರಿ?' ಈ ವಾದಿಯನ್ನು ರೌಟರ್ ಸಮೇತ ಪಡಸಾಲೆಯಲ್ಲಿ ಕೂರಿಸಿ, ಮೊಬೈಲನ್ನು ಹಿತ್ತಲ ಕೋಣೆಗೆ ಕಳಿಸಬೇಕು. ಎರಡಡಿ ದಪ್ಪದ ಗೋಡೆ ಎರಡು ಅಡ್ಡ ಬಂದರೆ 5 ಗಿಗಾಹರ್ಟ್ಸ್ ಅಲೆ ಅಡುಗೆಮನೆಯಲ್ಲೇ ಸುಸ್ತಾಗುತ್ತದೆ. ಬೇಸಿಗೆಯಲ್ಲಿ ತಂಪು ಕೊಡುವ ಗೋಡೆಯೇ ಮೊಮ್ಮಗನ ಆಟಕ್ಕೆ ವೈರಿ. ಮನೆ ನೋಡಲು ಬಂದ ಹಿರಿಯರು ನೀರು, ಬಾಗಿಲಿನ ದಿಕ್ಕು, ಉತಾರೆ ಕೇಳಿ ಮುಗಿಸಿದ ಮೇಲೆ 'ಒಳಗ ನೆಟ್‌ವರ್ಕ್ ಬರ್ತೈತೇನ್ರಿ?' ಎಂದು ಕೇಳುವವನು ಅವರೊಡನೆ ಬಂದ ಆ ಮೊಮ್ಮಗನೇ.

ಇನ್ನೊಬ್ಬರಿಗಾಗಿ ನಾವೇಕೆ ಖರ್ಚು ಮಾಡಬೇಕು ಎಂಬ ಆಕ್ಷೇಪಕ್ಕೆ ಗೌಂಡಿಯೇ ಉತ್ತರ. ಗೋಡೆ ಬಿಚ್ಚಿರುವಾಗ 25 ಮಿಲಿಮೀಟರ್ ಪೈಪು ಹುದುಗಿಸುವುದು ಒಂದು ಹೊತ್ತಿನ ಕೆಲಸ. ಗಿಲಾವು ಆದ ಮೇಲೆ ಕಟರ್ ಹೊಡೆಸಿದರೆ ಧೂಳು, ಜಗಳ, ಮತ್ತೆ ಬಣ್ಣ. ಕರೆಂಟಿನ ಪೈಪಿನಿಂದ ಒಂದಡಿ ದೂರವಿರಲಿ. ತಿರುವಿನಲ್ಲಿ ಎಲ್ಬೋ ಬೇಡ, ಅಗಲವಾಗಿ ಬಾಗಿದ ಬೆಂಡು ಇರಲಿ, ಏಕೆಂದರೆ ಫೈಬರು ಮಾನಿಷ್ಠ, ಹೆಚ್ಚು ಬಗ್ಗಿಸಿದರೆ ಮಾತು ಬಿಡುತ್ತದೆ. ಪೈಪು ಕೊನೆಗೊಳ್ಳುವಲ್ಲಿ ಇನ್ವರ್ಟರ್ ಲೈನಿನ ಒಂದು ಪ್ಲಗ್ ಬೇಕೇ ಬೇಕು, ಕರೆಂಟು ಹೋದಾಗ ಫೈಬರಿದ್ದೂ ಪ್ರಯೋಜನವಿಲ್ಲ. ಪೆಟ್ಟಿಗೆಯ ಎತ್ತರದ ಬಗ್ಗೆ ಶಾಸ್ತ್ರಗ್ರಂಥ ಹುಡುಕಬೇಕಿಲ್ಲ: 2005ರಲ್ಲೂ 2019ರಲ್ಲೂ ಕೃಷ್ಣಾ ನದಿ ಈ ತಾಲೂಕಿನ ತೀರದೂರುಗಳಿಗೆ ನುಗ್ಗಿ ಗೋಡೆಗಳ ಮೇಲೆ ತಾನೇ ಗೆರೆ ಎಳೆದು ಹೋಗಿದೆ. ಆ ಗೆರೆಯ ಮೇಲೆ ಕೂರಿಸಿದರಾಯಿತು.

ಉಳಿದದ್ದು ಗಟ್ಟಿ ಆಕ್ಷೇಪ: ಕಣ್ಣಿಗೆ ಕಾಣದ ಪೈಪಿಗೆ ಕೊಳ್ಳುವವನು ದುಡ್ಡು ಕೊಡುತ್ತಾನೆಯೇ? ಕೊಡುವುದಿಲ್ಲ, ನಿಜ. ಅದಕ್ಕೇ ಪೈಪಿನೊಳಗೆ ಒಂದು ಎಳೆ ತಂತಿ ಬಿಟ್ಟು ಎರಡೂ ತುದಿ ಹೊರಗೆ ಇಣುಕುವಂತೆ ಮಾಡಿರಬೇಕು. ಮೊಮ್ಮಗನನ್ನು ಹಿತ್ತಲ ಕೋಣೆಯಲ್ಲಿ ನಿಲ್ಲಿಸಿ ಪಡಸಾಲೆಯಿಂದ ಜಗ್ಗಬೇಕು. ಅವನು ಅಲ್ಲಿಂದ 'ಬಂತ್ರೀ' ಎಂದು ಕೂಗಿದ ಮೇಲೆ ದಲಾಲಿಯವರು ಹೇಳಿದ ರೇಟಿನಲ್ಲಿ ಚೌಕಾಸಿ ಎಷ್ಟು ಇಳಿಯುತ್ತದೆ ಎಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಮತಭೇದವಿದೆ.