ಕೋಳಿಯ ಕೃಪೆ

ಡೆಟ್ರಾಯಿಟ್ ನಗರದ ಹೊರವಲಯದ ಕಾರಿನಂಗಡಿಯೊಂದರ ಅಂಗಳದಲ್ಲಿ, ಗಾಜಿಗೆ ರಿಯಾಯಿತಿಯ ಹಳದಿ ಚೀಟಿ ಅಂಟಿಸಿಕೊಂಡು ಗಿರಾಕಿಗಳ ಕಟಾಕ್ಷಕ್ಕಾಗಿ ವರ್ಷದಿಂದ ತಪಸ್ಸು ಮಾಡುತ್ತಿದ್ದ ಸೆಡಾನೊಂದು, ಆಗತಾನೆ ಬಂದಿಳಿದು ತನ್ನ ಪಾಲಿನ ಬಿಸಿಲನ್ನೆಲ್ಲ ಮರೆಮಾಡಿ ನಿಂತ ಪಿಕಪ್ ಟ್ರಕ್ಕನ್ನು ವಿನಯದಿಂದ ಮಾತನಾಡಿಸಿತು.

“ತಾವು ಯಾವ ಹೊರೆ ಹೊರಲು ಬಿಜಯಂಗೈದದ್ದು?”

“ಹೊರೆಯೇ! ನನ್ನನ್ನು ಕೊಳ್ಳಲಿರುವವರು ದಂತವೈದ್ಯರು. ವಾರಕ್ಕೊಮ್ಮೆ ಹಾಲಿನ ಡಬ್ಬ ತರುವುದುಂಟು, ಅದನ್ನೂ ಮುಂದಿನ ಸೀಟಿನಲ್ಲೇ ಇಡುವರಂತೆ. ನಿನ್ನ ಬಂಧುಬಳಗ?” (ಟ್ರಕ್ಕುಗಳಿಗೆ ವಿನಯ ಕಡಿಮೆ, ಅದು ಕುಲದೋಷವಲ್ಲ, ಎತ್ತರದ ದೋಷ.)

“ಬಳಗವೆಲ್ಲಿ ಉಳಿಯಿತು ಸ್ವಾಮಿ? 2018ರ ಏಪ್ರಿಲಿನಲ್ಲಿ ಫೋರ್ಡಿನವರು ಉತ್ತರ ಅಮೆರಿಕದಲ್ಲಿ ಸೆಡಾನುಗಳ ಸಹವಾಸವೇ ಸಾಕೆಂದರು. ಮರುವರ್ಷದ ಮಾರ್ಚಿನಲ್ಲಿ ಒಹಾಯೊದ ಲಾರ್ಡ್ಸ್‌ಟೌನಿನಲ್ಲಿ ಷೆವ್ರೊಲೆ ಕ್ರೂಸಿನ ಅಮೆರಿಕದ ವಂಶವೂ ಮುಗಿಯಿತು. ನಾವು ಮಾಡಿದ ಅಪರಾಧವಾದರೂ ಏನು?”

“ಕಡಿಮೆ ಪೆಟ್ರೋಲು ಕುಡಿದದ್ದು! ಸರಕಾರದ ಇಂಧನ ನಿಯಮವೇ ಚಕ್ರಗಳ ನಡುವಣ ನೆಲವನ್ನಳೆದು, ಹೆಚ್ಚು ಜಾಗ ಆಕ್ರಮಿಸಿದವನಿಗೆ ಹೆಚ್ಚು ಕುಡಿಯುವ ಅಪ್ಪಣೆಯನ್ನು ದಯಪಾಲಿಸುತ್ತಿರುವಾಗ, ಮೈ ಬೆಳೆಸದೆ ಕುಳಿತವನು ಮೂರ್ಖನಲ್ಲವೆ? ಮೇಲಾಗಿ ನನಗೊಂದು ಕುಲದೈವವುಂಟು.”

“ಯಾವುದದು?”

“ಕೋಳಿ! ಯೂರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕವೇರಿಸಿದ ಸಿಟ್ಟಿಗೆ, ವಾಷಿಂಗ್ಟನ್ನಿನವರು 1964ರಲ್ಲಿ ಪರದೇಶದ ಟ್ರಕ್ಕುಗಳ ಮೇಲೆ ಶೇಕಡ 25ರ ಸುಂಕ ಹೇರಿದರು. ಆ ಕೋಳಿಗಳು ಸಾರಾಗಿ ಎಷ್ಟು ಕಾಲವಾಯಿತೋ, ಸುಂಕ ಮಾತ್ರ ಇನ್ನೂ ಕಾವು ಕೂತಿದೆ. ನಿಮಗೋ?”

“ಬಹುಕಾಲ ಎರಡೂವರೆ.”

ಅಷ್ಟರಲ್ಲಿ ದಂತವೈದ್ಯರು ಬಂದರು. ಹತ್ತಲಾರದೆ ಬಾಗಿಲ ಹಿಡಿಕೆಗೆ ಜೋತುಬಿದ್ದ ಅವರಿಗೆ ಅಂಗಡಿಯಾತನು ಒಂದು ಮುಕ್ಕಾಲಿ ತಂದಿಟ್ಟು, ಅದರ ಬೆಲೆಯನ್ನು ಪ್ರತ್ಯೇಕವಾಗಿ ಬರೆದುಕೊಂಡನು.